ಏಳನೇ ಭಾಗದ ಗೊರವಗಳು

"ಏಳನೇ ಭಾಗ ನಿಮ್ಮದು." ಕಾವಲುಗಾರ ಮಹದೇವ್ ನದಿ ಕಡಲು ಸೇರುವಲ್ಲಿದ್ದ ಕೆಸರುದಿಬ್ಬ ತೋರಿಸಿದ. "ಹೋದ ವರ್ಷ ಯಾರೂ ಬರ್ಲಿಲ್ಲ. ಈ ಸಲನೂ ಲೆಕ್ಕ ಇಲ್ಲದಿದ್ರೆ ಆ ಜಾಗನ ಹಕ್ಕಿ ಗಣತಿಯಿಂದ್ಲೇ ತೆಗೀತಾರೆ. ಹತ್ತು ಗಂಟೆಯೊಳಗೆ ಹಳ್ಳ ದಾಟಿ ಬಂದ್ಬಿಡಿ."

ಕೀರ್ತನಾ ತಲೆಯಾಡಿಸಿದಳು. ದೀಪಾಂಜಲಿ ನಗರದಲ್ಲಿ ಬಸ್ಸು ಹತ್ತಿದಾಗಿನಿಂದ ಮೂವರಿಗೂ ನಿದ್ದೆಯಿಲ್ಲ. ಅವಳು ಬಸವೇಶ್ವರನಗರದಲ್ಲಿ ವಿಜ್ಞಾನದ ಟೀಚರ್. ಕಾಂತರಾಜು ಗೋವಿಂದರಾಜನಗರದ ನಿವೃತ್ತ ಗುಮಾಸ್ತ. ಜೀವನ್ ವಿಜಯನಗರದ ಕನ್ನಡಕದಂಗಡಿಯಲ್ಲಿದ್ದ. ಆರು ಚಳಿಗಾಲ ಕೆಂಗೇರಿ ಕಡೆಯ ಕೆರೆಗಳಲ್ಲಿ ಒಟ್ಟಿಗೆ ಹಕ್ಕಿ ಎಣಿಸಿದ್ದರು. ಕಡಲತೀರದ ರಕ್ಷಿತ ಜೌಗಿಗೆ ಬಂದದ್ದು ಇದೇ ಮೊದಲು. ಈ ಭಾಗವನ್ನು ಹಟ ಹಿಡಿದು ಕೇಳಿ ಪಡೆದವಳು ಕೀರ್ತನಾ.

ಹಳ್ಳದಲ್ಲಿ ಪಾದ ಮುಳುಗುವಷ್ಟು ನೀರು. ದಾಟಿದ ಮೇಲೆ ಬರೀ ಕೆಸರು. ಒಂದು ಕಾಲು ಕಿತ್ತರೆ ಇನ್ನೊಂದು ಹೂತುಹೋಗುತ್ತಿತ್ತು. ಬೂದುಬಣ್ಣದ ಆ ಬಯಲು ಎಲ್ಲಿ ಮುಗಿದು ಕಡಲು ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ. ದೂರದ ಚಳಿನಾಡುಗಳಿಂದ ಹಾರಿಬಂದ ಗೊರವ ಹಕ್ಕಿಗಳು ಅದರ ತುಂಬ ಚದುರಿಕೊಂಡು, ಉದ್ದ ಕೊಕ್ಕನ್ನು ಕೆಸರಿಗೆ ಚುಚ್ಚುತ್ತ, ಎರಡು ಹೆಜ್ಜೆ ಓಡಿ ಮತ್ತೆ ಚುಚ್ಚುತ್ತಿದ್ದವು.

"ನಂಗೆ ತೊಂಬತ್ತು," ಎಂದ ಜೀವನ್.

"ನಂಗೆ ನೂರನಲವತ್ತು," ಎಂದಳು ಕೀರ್ತನಾ.

"ಮೇಡಂ, ಇವು ಒಂದು ಕಡೆ ನಿಂತ್ರೆ ತಾನೇ! ಮೆಜೆಸ್ಟಿಕ್ಕಲ್ಲಿ ಜನ ಎಣಿಸ್ದಂಗಾಯ್ತು."

"ಕಾಯೋಣ," ಎಂದರು ಕಾಂತರಾಜು. "ಕಡಲು ಏರಿದ್ರೆ ಇವಕ್ಕೆ ಜಾಗ ಸಾಲಲ್ಲ. ತಾವಾಗೇ ಗುಂಪಾಗ್ತವೆ."

ಕಾದರು. ಬಿಸಿಲು ಏರಿತು, ಸೊಂಟ ನೋಯತೊಡಗಿತು. ಒಂಬತ್ತೂವರೆಗೆ ಹಕ್ಕಿಗಳೆಲ್ಲ ದಿಬ್ಬದ ತುದಿಯಲ್ಲಿ ಒತ್ತಾಗಿ ನಿಂತವು. ಕೀರ್ತನಾ ಟೆಲಿಸ್ಕೋಪಿಗೆ ಕಣ್ಣಿಟ್ಟು ಹತ್ತು ಹತ್ತಾಗಿ ಎಣಿಸತೊಡಗಿದಳು. ನಡುನಡುವೆ ಎದುರಿನ ಅಲೆಗಳನ್ನು ನೋಡಿಕೊಳ್ಳುತ್ತಿದ್ದಳು. ಇನ್ನೂ ದೂರವಿದ್ದವು.

"ಮೇಡಂ, ಹಿಂದೆ ನೋಡಿ!"

ಕೆರೆಯ ನೀರು ಬೆನ್ನ ಹಿಂದಿನಿಂದ ಬರುವುದಿಲ್ಲ. ಕಡಲಿನ ನೀರು ಬಂದಿತ್ತು. ಹಳ್ಳ ತುಂಬುತ್ತಿತ್ತು.

"ನಡೀರಿ!"

"ಇನ್ನೂರ ಹತ್ತಾಗಿದೆ. ಅರ್ಧ ಬಾಕಿ ಇದೆ ಜೀವನ್."

"ಕಾಂತರಾಜು ಸಾರ್‌ಗೆ ಈಜು ಬರಲ್ಲ ಕಣ್ರೀ!"

"ಐದು ನಿಮಿಷ!"

ಅವಳು ಎಣಿಸಿದಳು. ನಾನೂರ ಹನ್ನೆರಡು. ಬರೆದು, ಹಾಳೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಹಲ್ಲಲ್ಲಿ ಕಚ್ಚಿದಳು.

ಹಳ್ಳದಲ್ಲಿ ನೀರು ಎದೆಮಟ್ಟ. ಜೀವನ್ ಟ್ರೈಪಾಡ್ ಊರುತ್ತ ಮುಂದೆ ನಡೆದ. ನಡುವೆ ಕಾಂತರಾಜು. ಹಿಂದೆ ಟೆಲಿಸ್ಕೋಪನ್ನು ತಲೆಯ ಮೇಲೆ ಹೊತ್ತ ಕೀರ್ತನಾ.

ಸೆಳೆತ ಜೋರಾಯಿತು. ಕಾಂತರಾಜು ಅವರ ಕಾಲು ಜಾರಿತು.

ತಲೆ ಮುಳುಗಿತು. ಒಂದು ಕೈ ಮಾತ್ರ ಮೇಲಿತ್ತು.

ಅವಳು ಟೆಲಿಸ್ಕೋಪ್ ಬಿಟ್ಟಳು. ಎರಡೂ ಕೈಯಲ್ಲಿ ಅವರ ಅಂಗಿ ಹಿಡಿದು ಎಳೆದಳು. ಉಪ್ಪುನೀರು ಮೂಗಿಗೆ ನುಗ್ಗಿತು. ಜೀವನ್ ತಿರುಗಿ ಟ್ರೈಪಾಡ್ ಚಾಚಿದ.

"ಹಿಡ್ಕೊಳಿ ಸಾರ್! ಬಿಡ್ಬೇಡಿ!"

ಮೂವರೂ ದಡದಲ್ಲಿ ಬಿದ್ದುಕೊಂಡರು. ಕಾಂತರಾಜು ಬಹಳ ಹೊತ್ತು ಕೆಮ್ಮಿದರು.

"ಸಾರಿ ಸಾರ್. ಆಗ್ಲೇ ಹೊರಡ್ಬೇಕಿತ್ತು," ಎಂದಳು ಕೀರ್ತನಾ.

"ಹೌದು, ಹೊರಡ್ಬೇಕಿತ್ತು." ಅವರು ಸಮಾಧಾನದ ಮಾತು ಆಡಲಿಲ್ಲ. "ಹಾಳೆ ಏನಾಯ್ತು?"

ಒದ್ದೆಯಾಗಿರಲಿಲ್ಲ. ಕಾವಲು ಕೋಣೆಯಲ್ಲಿ ಮಹದೇವ್ ಅದನ್ನು ಓದಿ ತುಟಿ ಸೊಟ್ಟ ಮಾಡಿದ. "ನಾನೂರ ಹನ್ನೆರಡೇ? ಮುಂಚೆ ಸಾವಿರದ ಮೇಲೆ ಇರ್ತಿದ್ವು."

"ಕಮ್ಮಿಯಾಗಿದೆ ಅಂತ ಬರ್ಕೊಳಿ," ಎಂದಳು ಕೀರ್ತನಾ. ಜಗಳವಾಡಲು ಶಕ್ತಿಯಿರಲಿಲ್ಲ. ಅವನು ದಪ್ಪ ಪುಸ್ತಕ ತೆಗೆದು ಏಳನೇ ಭಾಗದ ಮುಂದೆ ಅಂಕಿ ಬರೆದ. ಮೂವರೂ ಸಹಿ ಹಾಕಿದರು. ಕಾಂತರಾಜು ಅವರ ಸಹಿ ಗೆರೆ ದಾಟಿ ಕೆಳಗಿಳಿಯಿತು.

ಮರುದಿನ ಬೆಳಗ್ಗೆ ಬಸ್ಸು ಕೆಂಗೇರಿ ದಾಟಿ ಟ್ರಾಫಿಕ್ಕಿನಲ್ಲಿ ನಿಂತಿತು. ಕೀರ್ತನಾಳಿಗೆ ಮೊದಲ ಪೀರಿಯಡ್ಡೇ ಕ್ಲಾಸಿತ್ತು. ಮೈಯೆಲ್ಲ ಉಪ್ಪಿನ ನವೆ.

"ಮುಂದಿನ ವರ್ಷ ಹೆಂಗೆ ಸಾರ್?" ಎಂದ ಜೀವನ್ ಮೆಲ್ಲಗೆ.

ಕಾಂತರಾಜು ಕಣ್ಣು ತೆರೆಯಲಿಲ್ಲ. "ಬಸವೇಶ್ವರನಗರದ ಈಜುಕೊಳದಲ್ಲಿ ಅರವತ್ತು ದಾಟಿದೋರ್ನ ಸೇರಿಸ್ಕೋತಾರಾ? ವಿಚಾರಿಸಿ ಹೇಳು, ಕೀರ್ತನಾ."

"ಇವತ್ತೇ ಕೇಳ್ತೀನಿ ಸಾರ್," ಎಂದಳು ಅವಳು.