ತಟ್ಟೆ ಮುಚ್ಚಿದ ಬಟ್ಟಲು

ಖಾಲಿ ಬಾಟಲಿ ಸಿಕ್ಕಿದ್ದು ಕೋಟೆಯ ಅಡುಗೆಮನೆಯ ಮೇಜಿನ ಕೆಳಗೆ. ಕೋಟೆಯ ಯಜಮಾನ ಎತಿಯೆನ್ ಹುಟ್ಟಿದ ವರ್ಷ ಅವನ ತಂದೆ ಫೆರ್ನಾನ್ ನೆಲಮಾಳಿಗೆಯಲ್ಲಿ ಇಟ್ಟಿದ್ದ ವೈನ್‌ಗಳಲ್ಲಿ ಉಳಿದಿದ್ದ ಕೊನೆಯದು. ಅಂದು ಎತಿಯೆನ್‌ನ ಅರವತ್ತನೆಯ ಹುಟ್ಟುಹಬ್ಬ. ಕೋಟೆ ನೋಡಲು ಪ್ಯಾರಿಸ್ಸಿನಿಂದ ಬಂದಿದ್ದ ಅತಿಥಿಗಳೆದುರು ರಾತ್ರಿ ಅದನ್ನು ತೆರೆಯುವವನಿದ್ದ.

"ನೆಲಮಾಳಿಗೆ ಕೀಲಿ ಇರೋದು ಅಡುಗೆಮನೇಲಿ. ಅಡುಗೆಮನೇಲಿ ಇರೋದು ನೀನು. ಸಂಜೆ ಬಸ್ಸಿಗೆ ಹೊರಡು, ಸ್ವಾಜಿಕ್," ಎಂದ ಅಡುಗೆಯವಳಿಗೆ.

ದೂರದ ಬ್ರೆತಾಞ್ ಕರಾವಳಿಯಿಂದ ಆಗಷ್ಟೇ ಕೆಲಸಕ್ಕೆ ಬಂದಿದ್ದ ಹುಡುಗಿ ಅವಳು. "ನಾನು ಕುಡಿದಿಲ್ಲ ಯಜಮಾನ್ರೇ," ಎಂದಷ್ಟೇ ಹೇಳಿ ಏಪ್ರನ್ ಬಿಚ್ಚಿ ಮಡಿಸಿಟ್ಟಳು.

ನಮ್ಮೂರಲ್ಲಿ ಏನು ಕಳೆದರೂ ಜನ ಕರೆಯುತ್ತಿದ್ದುದು ನನ್ನ ನೆರೆಮನೆಯ ಜಿಲ್ಬೆರ್ತ್‌ಳನ್ನು. ಅವಳ ಕೊಡೆ ಹಿಡಿದು ಹಿಂದೆ ಹೋಗುವುದು ನನ್ನ ಕೆಲಸ.

"ಮಾರೀಸ್, ಲೋಟಗಳನ್ನ ಮೂಸಿ ನೋಡೇ," ಎಂದಳು ನನಗೆ.

ಮೂಸಿದೆ. ಬರೀ ಧೂಳಿನ ವಾಸನೆ. "ಲೋಟ ಇಲ್ದೆ ಹೇಗೆ ಕುಡಿದ್ರು?" ಎಂದೆ. ನನಗೆ ತಲೆಬುಡ ತಿಳಿಯಲಿಲ್ಲ. ಮೇಜಿನ ಮೇಲೆ ಖಾಲಿ ಸೂಪಿನ ಬಟ್ಟಲೊಂದಿತ್ತು, ಅಂಚಿನ ಸುತ್ತ ಕೆಂಪು ಗೆರೆ. ಬೆಚ್ಚಗಿನ ಒಲೆಯ ಮೂಲೆಯಲ್ಲಿ ತಟ್ಟೆ ಮುಚ್ಚಿದ ಇನ್ನೊಂದು ಬಟ್ಟಲು. ಸ್ವಾಜಿಕ್‌ಳ ಊಟವಿರಬೇಕೆಂದು ನಾನು ಮುಟ್ಟಲಿಲ್ಲ.

ಜಿಲ್ಬೆರ್ತ್ ಎಲ್ಲರನ್ನೂ ಅಲ್ಲಿಗೇ ಕರೆಸಿದಳು. ಒಲೆಯ ಪಕ್ಕದ ಕುರ್ಚಿಯಲ್ಲಿ ಮುದುಕ ಫೆರ್ನಾನ್ ತೂಕಡಿಸುತ್ತಿದ್ದ. ಈಚೆಗೆ ಅವನಿಗೆ ಮರೆವು; ಬೆಳಿಗ್ಗೆ ನನ್ನನ್ನೇ ತೀರಿಹೋದ ಹೆಂಡತಿಯ ಹೆಸರಿಂದ ಕರೆದಿದ್ದ.

"ಪ್ಯಾರಿಸ್ಸಿನವರು ಲೋಟ ಇಲ್ದೆ ವೈನ್ ಮುಟ್ಟಲ್ಲ," ಎಂದಳು ಜಿಲ್ಬೆರ್ತ್. "ಇದನ್ನ ಕುಡಿದಿರೋದು ಬಟ್ಟಲಲ್ಲಿ. ತಳದಲ್ಲಿ ಉಳಿದ ಬಿಸಿ ಸೂಪಿಗೆ ವೈನ್ ಸುರಿದು, ಬಟ್ಟಲನ್ನೇ ಎತ್ತಿ ಕುಡಿಯೋರು ನಮ್ಮ ಈ ಪೆರಿಗೋರ್ ಸೀಮೆಯೋರು. ಸ್ವಾಜಿಕ್ ಊರಲ್ಲಿ ಆ ಪದ್ಧತಿನೇ ಇಲ್ಲ."

"ನಾನೂ ಇಲ್ಲಿಯವನೇ ಅಲ್ವಾ?" ಎಂದ ಎತಿಯೆನ್.

"ನೀನು ಅತಿಥಿಗಳ ಜೊತೆ ಗೋಪುರದ ಮೇಲಿದ್ದೆಯಪ್ಪ. ಅಡುಗೆಮನೇಲಿ ಉಂಡವರು ಒಬ್ಬರೇ." ಅವಳು ಒಲೆಯ ಮೇಲಿನ ತಟ್ಟೆ ತೆಗೆದಳು. ಬಟ್ಟಲಿನ ತುಂಬ ಕೆಂಪು ವೈನ್. "ಇದು ಯಾರಿಗೆ, ಫೆರ್ನಾನಜ್ಜ?"

ಮುದುಕ ಕಣ್ಣು ಬಿಟ್ಟ. "ನನ್ನ ಮಗನಿಗೆ. ಅವನು ಹುಟ್ಟಿದ ದಿನ ಇವತ್ತು. ಒಟ್ಟಿಗೆ ಕುಡಿಯೋಣ ಬಾರೋ ಅಂದೆ, ಕೆಲಸ ಇದೆ ಅಂದ." ಎತಿಯೆನ್‌ನತ್ತ ತಿರುಗಿ ಕೇಳಿದ: "ಸ್ವಾಮಿ, ನೀವೇನಾದ್ರೂ ಅವನನ್ನ ನೋಡಿದ್ರಾ?"

ನಾನು ಸ್ವಾಜಿಕ್‌ಳತ್ತ ತಿರುಗಿದೆ.

"ಅಡುಗೆಮನೇಲೇ ಇದ್ದೆಯಲ್ಲ, ಗೊತ್ತಿದ್ದೂ ಯಾಕೆ ಹೇಳಲಿಲ್ಲ, ಸ್ವಾಜಿಕ್?" ಎಂದೆ ನಾನು.

"ಪರವೂರಿನೋರ ಮುಂದೆ ಯಜಮಾನ್ರು ತಾತನ್ನ ಬೈತಾರೇನೋ ಅನ್ನಿಸ್ತು, ಅಮ್ಮ."

ಎತಿಯೆನ್ ತಂದೆಯ ಪಕ್ಕದಲ್ಲಿ ಕೂತ. ಎರಡೂ ಕೈಯಲ್ಲಿ ಬಟ್ಟಲೆತ್ತಿ ಕುಡಿದ.

"ಬಂದಿದ್ದೀನಪ್ಪ."

ಮುದುಕ ಅವನ ಮುಖವನ್ನೇ ಬಹಳ ಹೊತ್ತು ನೋಡಿದ. "ತಡ ಮಾಡ್ಬಿಟ್ಟೆ ಕಣೋ. ಆರಿಹೋಗಿರಬೇಕು."

"ಇಲ್ಲ, ಬೆಚ್ಚಗಿದೆ," ಎಂದ ಎತಿಯೆನ್. ಒಲೆಯ ಮೂಲೆಯನ್ನು ನೋಡಿದ, ಆಮೇಲೆ ಸ್ವಾಜಿಕ್‌ಳನ್ನು. ಎದ್ದುಹೋಗಿ ಮಡಿಸಿಟ್ಟಿದ್ದ ಏಪ್ರನ್ ತಂದು ಅವಳ ಕೈಗೆ ಕೊಟ್ಟ.