ಗೆರೆ ದಾಟದ ಚೌರಪ್ಪ

ಬಹಳ ಹಿಂದೆ, ಯಾವ ನಕಾಶೆಗೂ ಸಿಗದ ಒಂದು ರಾಜ್ಯದಲ್ಲಿ, ಇಗರ್ಜಿಯ ಅಂಗಳದ ಕಲ್ಲುಹಾಸಿನ ಮೇಲೆ ಸುರುಳಿದಾರಿಯೊಂದನ್ನು ಕೆತ್ತಿದ್ದರು. ಅದಕ್ಕೆ ಕವಲುಗಳಿರಲಿಲ್ಲ. ನಡುವಿನ ಹತ್ತಿರ ಕರೆದೊಯ್ದು ಮತ್ತೆ ಅಂಚಿಗೆ ತಳ್ಳುವುದೇ ಅದರ ಸ್ವಭಾವ. ಜನ ಮೌನವಾಗಿ ನಡುವಿನವರೆಗೆ ನಡೆದು, ಬಂದ ದಾರಿಯಲ್ಲೇ ಮರಳುತ್ತಿದ್ದರು. ಅದನ್ನು ಪ್ರಾರ್ಥನೆ ಎನ್ನುತ್ತಿದ್ದರು. ಕುಂಬಾರ ಚೌರಪ್ಪ ಅದನ್ನು ಕಾಲಿಗೆ ದಂಡ ಎನ್ನುತ್ತಿದ್ದ.

ಒಂದು ದಿನ ಧೂಮಕಾಲನೆಂಬ ಮಾಂತ್ರಿಕ ಗಾಳಿಯ ಮೇಲೆ ಬಂದು ಸುರುಳಿಯ ನಡುವೆ ಇಳಿದ. ದಾರಿಯ ಗೆರೆ ದಾಟಿದವರೆಲ್ಲ ಬಾತುಕೋಳಿಗಳಾಗಲಿ ಎಂದು ಮಂತ್ರ ಹಾಕಿದ. ಚೌರಪ್ಪನ ತಂಗಿ ಮದಲೇನಳ ಹಾಡುವ ದನಿಯನ್ನು ಕಿತ್ತು ಕುಡಿಕೆಯಲ್ಲಿ ಮುಚ್ಚಿಟ್ಟ. ದನಿ ಹೋದವಳು ಸಂಜೆಯೊಳಗೆ ಕಲ್ಲಾಗಬೇಕು. ಅಂಗಳದ ಅಂಚಿನಲ್ಲಿ ನಿಂತಿದ್ದ ಅವಳ ಪಾದಗಳು ಆಗಲೇ ಕಲ್ಲಾಗಿದ್ದವು. ರಾಜನ ವೀರರು ಕತ್ತಿ ಹಿರಿದು ನೇರವಾಗಿ ನುಗ್ಗಿದರು. ಅಂಗಳದ ತುಂಬ ಬಾತುಕೋಳಿಗಳಾದವು.

"ಫಾದರ್, ಯಾವ ಜಪ ಹೇಳಲಿ? ನನಗೆ ಒಂದೂ ಪೂರ್ತಿ ಬರಲ್ಲ," ಎಂದು ಚೌರಪ್ಪ ಇಗರ್ಜಿಯ ಪಾದ್ರಿಯನ್ನು ಕೇಳಿದ.

"ನಡೆಯೋಕೆ ಬರುತ್ತಲ್ಲ? ನಡಿ. ಗೆರೆ ದಾಟಬೇಡ."

"ಇಷ್ಟು ಹೇಳೋಕೆ ಫಾದರ್ ಬೇರೆ ಬೇಕಿತ್ತಾ?" ಎನ್ನುತ್ತ ಅವನು ಒಳಗೆ ಕಾಲಿಟ್ಟ.

ಮೊದಲ ಸುತ್ತಿನಲ್ಲಿ ಎರಡು ತಲೆಯ ತೋಳ ಹಿಂದಿನಿಂದ ಗರ್ಜಿಸಿತು. "ಓಡು!" ಚೌರಪ್ಪ ಹಿಂದೆ ತಿರುಗಲಿಲ್ಲ. ಓಡದೆ, ಗೆರೆಯೊಳಗೇ ನಡೆದ.

ಎರಡನೆಯ ಸುತ್ತಿನಲ್ಲಿ ಮೂರು ಕಣ್ಣಿನ ಗಿಳಿ ಹೆಗಲೇರಿತು. "ನಡು ಇಲ್ಲೇ ಇದೆ ಕಣಯ್ಯಾ. ಒಂದೇ ಗೆರೆ. ಯಾರು ನೋಡ್ತಾರೆ?"

"ನೀನು ನೋಡ್ತಿದ್ದೀಯಲ್ಲ, ಮೂರು ಕಣ್ಣು ಬಿಟ್ಟುಕೊಂಡು," ಎಂದು ನಡೆದ.

ಮೂರನೆಯ ಸುತ್ತಿನಲ್ಲಿ ದಾರಿ ಅವನನ್ನು ಅಂಚಿಗೇ ತಂದು ನಿಲ್ಲಿಸಿತು. ಆಗ ಕುಡಿಕೆಯೊಳಗಿಂದ ಮದಲೇನಳ ದನಿ ಅತ್ತಿತು. "ಅಣ್ಣಾ, ಸೊಂಟದವರೆಗೂ ಕಲ್ಲು. ದಾಟಿ ಬಾರೋ!"

ಆ ದನಿ ನಿಜವಾಗಿಯೂ ಅವಳದೇ. ಚೌರಪ್ಪನ ಕಾಲು ಗೆರೆಯ ಮೇಲೆ ಎದ್ದಿತು. "ಕರ್ತನೇ," ಎಂದ. ಮುಂದಿನ ಮಾತು ಅವನಿಗೆ ಗೊತ್ತಿರಲಿಲ್ಲ. ಕಾಲನ್ನು ದಾರಿಯ ಮೇಲೇ ಇಟ್ಟ.

ನಡು ಸಿಕ್ಕಿತು. ದಾರಿ ಹಿಡಿದು ಯಾರಾದರೂ ಬರಬಹುದೆಂದು ಧೂಮಕಾಲ ಎಣಿಸಿಯೇ ಇರಲಿಲ್ಲ. ಅವನು ಬಾಯಿ ತೆರೆಯುವಷ್ಟರಲ್ಲಿ ಚೌರಪ್ಪ ಕುಡಿಕೆ ಎತ್ತಿಕೊಂಡು, ಬಂದ ದಾರಿಯಲ್ಲೇ ಹೊರಟ.

ದಾರಿಯೋ ಅವನನ್ನು ಮಾಂತ್ರಿಕನ ಪಕ್ಕದಲ್ಲೇ ಮತ್ತೆ ಮತ್ತೆ ಸುತ್ತಿಸಿತು. ಕೈಯಳತೆಯಲ್ಲಿ ಕುಡಿಕೆ, ನಡುವೆ ಒಂದೇ ಗೆರೆ.

"ಕೊಡೋ ಕುಂಬಾರಾ!" ಎಂದು ಧೂಮಕಾಲ ಹಾರಿದ. ಬಿದ್ದದ್ದು ಬಾತುಕೋಳಿ.

ಮಂತ್ರ ಹಾಕಿದವನೇ ಬಾತಾದ ಮೇಲೆ ಆ ಬಾತಿನ ಮಂತ್ರ ಅವನೊಬ್ಬನನ್ನು ಬಿಟ್ಟು ಬೇರಾರ ಮೇಲೂ ಉಳಿಯಲಿಲ್ಲ. ವೀರರು ಮನುಷ್ಯರಾಗಿ, ಮೈಮೇಲಿನ ಪುಕ್ಕ ಕೊಡವಿಕೊಂಡರು. ಚೌರಪ್ಪ ಹೊರಗೆ ಬಂದು ಕುಡಿಕೆ ತೆರೆದ. ಮದಲೇನಳ ಕಲ್ಲು ಕರಗಿತು.

"ಇಷ್ಟು ಹೊತ್ತಾ?" ಎಂದಳು.

ರಾಜ್ಯದಲ್ಲಿ ಎಲ್ಲರೂ ಸುಖವಾಗಿದ್ದರು, ಒಂದು ಬಾತುಕೋಳಿಯ ಹೊರತು.

"ನಂಬಿಕೆ ಬಂತೇನಪ್ಪಾ?" ಎಂದು ಫಾದರ್ ಕೇಳಿದರು.

"ಕಾಲುನೋವು ಬಂತು," ಎಂದ ಚೌರಪ್ಪ.

ಮರುದಿನ ಸುರುಳಿಯ ನಡುವೆ ತರಬೇಕಾದದ್ದು ಏನೂ ಇರಲಿಲ್ಲ. ಆದರೂ ಅವನು ಚಪ್ಪಲಿ ಬಿಟ್ಟು ಒಳಗೆ ನಡೆದ.