ಪೆರಿಯನಾಯಕಿ ಅತ್ತೆಯ ಹಾಸು

೧೯೩೯ರ ಡಿಸೆಂಬರ್. ಸಿಂಗಾನಲ್ಲೂರಿನ ನಮ್ಮ ನೇಕಾರರ ಬೀದಿಯಲ್ಲಿ ಬೆಳಗ್ಗೆ ಮಗ್ಗಕ್ಕೇರಿಸುವ ಹಾಸುನೂಲನ್ನು ಉದ್ದಕ್ಕೆ ಎಳೆದು ಕಟ್ಟಿ, ಗಂಜಿ ಹಚ್ಚಿ ಕುಂಚದಿಂದ ಉಜ್ಜುವವರಿಗೆ ಇಂಗ್ಲಿಷ್ ಪತ್ರಿಕೆಯನ್ನು ಕನ್ನಡದಲ್ಲಿ ಹೇಳುತ್ತಿದ್ದವನು ನಾನು. ಅಂದು ಪೆರಿಯನಾಯಕಿ ಅತ್ತೆಯ ಮಗ ಗುರುಸಾಮಿ ಕೆಲಸಕ್ಕಿದ್ದ ಹಡಗಿನ ಸುದ್ದಿಯಿತ್ತು. ಅದನ್ನು ಮುಳುಗಿಸಿದ್ದಾಗಿ ಜರ್ಮನರು ‘ಕ್ಲೇಮ್’ ಮಾಡಿದ್ದರು.

ಸಾವಾದರೆ ಸೂತಕ, ಹಾಸು ಮುಟ್ಟುವಂತಿಲ್ಲ. ಎಲ್ಲರ ಕೈ ನಿಂತಿತು.

“‘ಕ್ಲೇಮ್’ ಅಂದ್ರೆ ಅದೇನು ಮಾತು ಕಣ್ಣು?” ಎಂದು ಅತ್ತೆ ನನ್ನನ್ನು ಕೇಳಿದಳು.

“ಎದುರಾಳಿ ಮಾತ್ರ ಹೇಳಿದ್ರೆ ಹಂಗೆ ಬರೀತಾರೆ ಅತ್ತೆ. ನಮ್ಮೋರು ಇನ್ನೂ ಒಪ್ಪಿಲ್ಲ.”

“ಹಂಗಂದ್ರೆ ನನ್ ಮಗ ಸತ್ತಿಲ್ಲ. ಏನು ಬಾಯಿ ಬಿಟ್ಕೊಂಡು ನೋಡ್ತೀರಿ? ಉಜ್ಜಿರಪ್ಪಾ! ಯಾರೋ ಬಾಯಿಗೆ ಬಂದದ್ದು ಅಂದ್ರೆ ನನ್ ಮಗ್ಗ ನಿಲ್ಲಾದಿಲ್ಲ!”

ಅವಳ ನೆಟ್ಟಗಿನ ಕತ್ತು ನೋಡಿ ನನಗೇ ಹೆಮ್ಮೆಯಾಯಿತು.

ಹಡಗಿಗೆ ಹೋಗುವ ಮುಂಚೆ ಗುರುಸಾಮಿ ನಿಲ್ಲುತ್ತಿದ್ದ ಹಾಸಿನ ತುದಿಯಲ್ಲಿ ಯಾರೂ ಇರಲಿಲ್ಲ. ಆದರೂ ಅಲ್ಲಿಂದ ಕುಂಚ ಉಜ್ಜುವ ಸದ್ದು ಬರುತ್ತಿತ್ತು. ಬಿಸಿಲೇರಿ ಉಳಿದ ನೂಲೆಲ್ಲ ಒಣಗಿದರೂ ಆ ತುದಿ ತಣ್ಣಗೆ ಒದ್ದೆಯಾಗಿತ್ತು.

ಅತ್ತೆ ಅದನ್ನು ಸವರಿ, “ನೋಡು, ಎಷ್ಟು ನಯ! ನನ್ ಮಗನ ಕೈಯೇ!” ಎಂದು ಬೀಗಿದಳು.

ನಾನೂ ಮುಟ್ಟಿ, ಬೆರಳನ್ನು ನಾಲಿಗೆಗಿಟ್ಟೆ. ಉಪ್ಪಾಗಿತ್ತು. ನಮ್ಮ ಬೀದಿಯಲ್ಲಿ ಗಂಜಿಗೆ ಯಾರೂ ಉಪ್ಪು ಹಾಕುವುದಿಲ್ಲ.